ಚಿತ್ರ ಬರೆಯೋದು ಬರುತ್ತೆ, ಬಿಲ್ಲು ಬರೆಯೋದು ಹೇಗೆ?

ಗೆರೆಬರೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಜಲವರ್ಣ, ಐಪ್ಯಾಡ್ ಎರಡರಲ್ಲೂ ಕೈ ಕೂತಿದೆ, ಸಲಕರಣೆಯೂ ಇದೆ. ಮನೆ ಖರ್ಚಿಗೆ ತಿಂಗಳಿಗೆ 30,000 ಕೈಗೆ ಬರಬೇಕು. ಮುಂದಿರುವ ದಾರಿ ಮೂರು: ಮಕ್ಕಳ ಪುಸ್ತಕದ ಚಿತ್ರ, ಮದುವೆ ಆಮಂತ್ರಣ, ಪ್ರಿಂಟು ಮತ್ತು ಸ್ಟಿಕರ್ ಮಾಡಿ ಸಂತೆಯಲ್ಲಿ ಮಾರುವುದು. ಯಾವುದರಿಂದ ಶುರು ಮಾಡಲಿ? ಒಂದು ಚಿತ್ರಕ್ಕೆ ಎಷ್ಟು ಕೇಳಲಿ? "ಕಲೆಗೆ ಬೆಲೆ ಕಟ್ಟೋಕಾಗಲ್ಲ" ಥರದ ಉತ್ತರ ಬೇಡ, ದಯವಿಟ್ಟು ಅಂಕಿಯಲ್ಲಿ ಹೇಳಿ.

ಲೆಕ್ಕದಪುಸ್ತಕ, ಬೆಂಗಳೂರು

ದಾರಿ ಆಮೇಲೆ ನೋಡೋಣ, ಮೊದಲು ಗಂಟೆಯ ದರ ಕಂಡುಹಿಡಿಯಿರಿ. ಅದಿಲ್ಲದೆ ಮೂರರಲ್ಲಿ ಯಾವುದು ಲಾಭ ಎಂದು ಹೋಲಿಸುವುದಕ್ಕೇ ಬರುವುದಿಲ್ಲ.

ಮನೆಗೆ 30,000. ಇಂಟರ್ನೆಟ್, ಕರೆಂಟು, ಸಾಫ್ಟ್‌ವೇರ್, ಬಣ್ಣ, ಹಾಳೆ, ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕಾದ ಐಪ್ಯಾಡಿನ ಪಾಲು, ಎಲ್ಲ ಸೇರಿ 7,000 ಅಂದುಕೊಳ್ಳಿ. ಕೆಲಸ ಬಾರದ ತಿಂಗಳಿಗೆ, ತೆರಿಗೆಗೆ, ಆಸ್ಪತ್ರೆಗೆ ಎಂದು 8,000 ಎತ್ತಿಡಿ. ಒಟ್ಟು 45,000.

ಇನ್ನು ಗಂಟೆ. ತಿಂಗಳಿಗೆ 25 ದಿನ, ದಿನಕ್ಕೆ 7 ಗಂಟೆ ಅಂದರೆ 175. ಇಲ್ಲೇ ಎಲ್ಲರೂ ಎಡವುವುದು. ಆ 175 ಗಂಟೆಗೂ ಯಾರೂ ದುಡ್ಡು ಕೊಡುವುದಿಲ್ಲ. ಮೇಲ್‌ಗೆ ಉತ್ತರ, ಕೊಟೇಶನ್, ಪ್ರೆಸ್ಸಿಗೆ ಓಡಾಟ, ಇನ್‌ಸ್ಟಾಗ್ರಾಂ, ಬಾಕಿ ವಸೂಲಿ ಇವಕ್ಕೇ ಅರ್ಧ ಹೋಗುತ್ತದೆ. ಬಿಲ್ಲು ಮಾಡಬಹುದಾದ್ದು ಹೆಚ್ಚೆಂದರೆ 90 ಗಂಟೆ. 45,000 ಭಾಗಿಸು 90, ಗಂಟೆಗೆ 500.

ಈ 500 ನಿಮ್ಮ ನೆಲಗಟ್ಟು. ಗಿರಾಕಿಗೆ ಇದನ್ನು ಹೇಳಲೇಬೇಡಿ. ಹೇಳಿದರೆ ಕೈ ಚುರುಕಾದಷ್ಟೂ ಸಂಬಳ ಕಡಿಮೆ! ಅವರಿಗೆ ಇಡೀ ಕೆಲಸದ ಮೊತ್ತ ಹೇಳಿ, ಗಂಟೆ ಲೆಕ್ಕ ಒಳಗಿನ ತಾಳೆಗೆ ಇರಲಿ. ಹತ್ತು ಗಂಟೆ ಹಿಡಿಯುವ ಚಿತ್ರವನ್ನು 5,000ಕ್ಕಿಂತ ಕಡಿಮೆಗೆ ಒಪ್ಪಿದರೆ ಉಳಿದದ್ದನ್ನು ನೀವೇ ಕೈಯಿಂದ ಹಾಕಿದ ಹಾಗೆ.

ಹಾಳೆಮಡಿಕೆ, ಧಾರವಾಡ

ಲೆಕ್ಕ ಛಲೋ ಹಾಕೀರಿ. ಅದನ್ನ ಮಕ್ಕಳ ಪುಸ್ತಕಕ್ಕ ಹಚ್ಚಿ ನೋಡೋಣು.

24 ಪುಟದ ಚಿತ್ರಪುಸ್ತಕ ಅಂದ್ರ ಮೊದಲನೇದು ಶೀರ್ಷಿಕೆ ಪುಟ, ಕೊನೇದು ಲೇಖಕರ ಪರಿಚಯ, ನಡುವ 11 ಜೋಡಿಪುಟ. ಒಂದು ಜೋಡಿಪುಟಕ್ಕ ಕಿರುನಕ್ಷೆ 1 ತಾಸು, ಪೆನ್ಸಿಲ್ 3 ತಾಸು, ಬಣ್ಣ 7 ತಾಸು ಹಿಡೀರಿ. ಹನ್ನೊಂದು ಹನ್ನೊಂದ್ಲೆ 121. ಮುಖಪುಟಕ್ಕ 14, ಪಾತ್ರಗಳ ಮುಖ, ಅರಿವಿ ನಕ್ಕಿ ಮಾಡ್ಲಿಕ್ಕೆ 10. ಒಟ್ಟು 145 ತಾಸು. ಗಂಟೆಗೆ 500ರಂಗ 72,500. ತಿದ್ದುಪಡಿ ಇದರಾಗ ಇಲ್ಲ.

ಕನ್ನಡದಾಗ ಇಷ್ಟು ಕೊಡೋ ಪ್ರಕಾಶಕರು ಭಾಳ ಕಡಿಮಿ. ಅದಕ್ಕ ಕೆಲಸಾನ ಬಿಡಬೇಕು ಅಂತಲ್ಲ, ತಾಸು ಕಡಿಮಿ ಮಾಡಬೇಕು. ಪೂರ್ತಿ ಪುಟ ತುಂಬೋ ಚಿತ್ರ ಐದೇ ಇಡ್ರಿ, ಉಳಿದ ಆರರಾಗ ಬಿಳಿ ಹಾಳಿ ಮ್ಯಾಲ ಪಾತ್ರ ಮತ್ತ ಒಂದೆರಡು ವಸ್ತು ಸಾಕು. ಎರಡೇ ಬಣ್ಣದ ಪುಸ್ತಕ ಮಾಡೋಣ ಅಂತ ನೀವೇ ಹೇಳ್ರಿ. ಅವರಿಗೂ ಮುದ್ರಣದ ಖರ್ಚು ಇಳೀತದ, ನಿಮಗೂ ಬಣ್ಣದ ತಾಸು ಅರ್ಧ ಆಗ್ತದ.

ರೊಕ್ಕ ಮೂರು ಕಂತಿನಾಗ ತಗೋರಿ: ಒಪ್ಪಿಗೆ ಆದ ದಿನ ನೂರಕ್ಕ 30 ಪಾಲು, ಪೆನ್ಸಿಲ್ ಒಪ್ಪಿದ ಮ್ಯಾಲ 40, ಫೈಲ್ ಕೊಡೂ ಮುಂದ 30. "ಪುಸ್ತಕ ಬಿಡುಗಡೆ ಆದ ಮೇಲೆ" ಅನ್ನೋ ಮಾತಿಗೆ ಒಪ್ಪಬ್ಯಾಡ್ರಿ. ಬಿಡುಗಡೆ ಅನ್ನೋದು ಮುಖ್ಯ ಅತಿಥಿ ತಾರೀಖಿನ ಮ್ಯಾಲ ನಿಂತಿರ್ತದ, ನಿಮ್ಮ ಕೈಯಾಗ ಇರಂಗಿಲ್ಲ.

ಗೆರೆಬರೆ, ಮೈಸೂರು

ಪೆನ್ಸಿಲ್ ಹಂತದಲ್ಲಿ ಒಪ್ಪಿ, ಬಣ್ಣ ಹಚ್ಚಿದ ಮೇಲೆ "ಅಜ್ಜಿಗೆ ಕನ್ನಡಕ ಬೇಡ, ಹಸು ಎಡಕ್ಕೆ ತಿರುಗಲಿ" ಅಂದರೆ?

ಹಾಳೆಮಡಿಕೆ, ಧಾರವಾಡ

ಕನ್ನಡಕ ತೆಗಿಯೋದು ತಿದ್ದುಪಡಿ. ಹಸು ತಿರುಗಿಸೋದು ಹೊಸಾ ಚಿತ್ರ. ಈ ವ್ಯತ್ಯಾಸ ಮೊದಲ ಮೇಲ್‌ನಾಗ ಬರದಿಡ್ರಿ: ಪೆನ್ಸಿಲ್ ಹಂತಕ್ಕ ಎರಡು ಸುತ್ತು, ಬಣ್ಣದ ಹಂತಕ್ಕ ಒಂದು ಸುತ್ತು ಸಣ್ಣ ತಿದ್ದುಪಡಿ ಪುಕ್ಕಟೆ. ಒಪ್ಪಿದ ಪೆನ್ಸಿಲ್ ಬದಲಾದ್ರ ಆ ಪುಟದ ದರದ ಅರ್ಧ ಹೆಚ್ಚಿಗಿ. ಮತ್ತೊಂದು, ತಿದ್ದುಪಡಿ ಎಲ್ಲಾ ಒಬ್ಬರ ಕಡಿಂದ, ಒಂದೇ ಪಟ್ಟಿಯೊಳಗ ಬರಬೇಕು. ಸಂಪಾದಕರು ಒಂದು, ಲೇಖಕರು ಒಂದು, ಲೇಖಕರ ಮನಿಯವರು ಒಂದು ಹೇಳ್ಲಿಕ್ಕೆ ಹತ್ತಿದ್ರ ಪುಸ್ತಕ ಮುಗಿಯೂದಿಲ್ಲ.

ಕರಾರುಪತ್ರ, ಬೆಂಗಳೂರು

ಇಲ್ಲಿವರೆಗೆ ಎಲ್ಲರೂ ದುಡಿಮೆಯ ಗಂಟೆ ಮಾರುವ ಮಾತನ್ನೇ ಆಡಿದ್ದೀರಿ. ಗಂಟೆ ತಿಂಗಳಿಗೆ 90ಕ್ಕೇ ಮುಗಿಯಿತು. ಚಿತ್ರಕಾರರ ಕೈಲಿರುವ ಇನ್ನೊಂದು ಸರಕು ಹಕ್ಕು. ಅದನ್ನು ತುಂಡು ತುಂಡಾಗಿ, ಬೇರೆ ಬೇರೆಯವರಿಗೆ, ಮತ್ತೆ ಮತ್ತೆ ಮಾರಬಹುದು. ಪ್ರಕಾಶಕರ ಹತ್ತಿರ 72,500 ಇಲ್ಲವೇ? 35,000ಕ್ಕೆ ಒಪ್ಪಿಕೊಳ್ಳಿ, ಆದರೆ 35,000ಕ್ಕೆ ತಕ್ಕಷ್ಟೇ ಹಕ್ಕು ಕೊಡಿ: ಕನ್ನಡ ಭಾಷೆ, ಅಚ್ಚಾದ ಪುಸ್ತಕ, 2,000 ಪ್ರತಿ. ಇ-ಪುಸ್ತಕ, ಬೇರೆ ಭಾಷೆ, ಕ್ಯಾಲೆಂಡರ್, ಬೊಂಬೆ, ಟೀಶರ್ಟು ಎಲ್ಲ ನಿಮ್ಮದೇ. ನಾಳೆ ತೆಲುಗಿನವರು ಬಂದು ಅದೇ ಚಿತ್ರ ಕೇಳಿದರೆ ಮೂಲ ದರದ ಕಾಲು ಭಾಗದಿಂದ ಅರ್ಧದವರೆಗೆ ಕೇಳಬಹುದು, ಒಂದು ಗೆರೆಯನ್ನೂ ಹೊಸದಾಗಿ ಎಳೆಯದೆ.

1957ರ ಕೃತಿಸ್ವಾಮ್ಯ ಕಾಯ್ದೆಯ ಎರಡು ಕಲಂ ತಿಳಿದಿರಲಿ.

17ನೇ ಕಲಂ: ನೌಕರಿಯ ಭಾಗವಾಗಿ ಬರೆದ ಚಿತ್ರದ ಹಕ್ಕು ಮಾಲೀಕರದು. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು: ಹಣ ಕೊಟ್ಟು ಬರೆಸಿದ ಪೇಂಟಿಂಗ್ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. "ಬರೆದವನು ನಾನು, ಹಕ್ಕು ನಂದೇ" ಎಂದು ಸುಮ್ಮನೆ ಕೂತರೆ ಆಗದು. "ಕೃತಿಸ್ವಾಮ್ಯ ಚಿತ್ರಕಾರರಲ್ಲೇ ಉಳಿಯುತ್ತದೆ, ಗ್ರಾಹಕರಿಗೆ ಈ ಕೆಳಗಿನ ಬಳಕೆಯ ಪರವಾನಗಿ ಮಾತ್ರ" ಎಂಬ ಒಂದು ಸಾಲು ಕೆಲಸ ಶುರುವಾಗುವ ಮುಂಚೆಯೇ ಕಾಗದದ ಮೇಲೆ ಇರಬೇಕು.

19ನೇ ಕಲಂ: ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು, ಯಾವ ಕೃತಿ, ಯಾವ ಹಕ್ಕು ಎಂದು ಹೇಳಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೇ ಲೆಕ್ಕ. ಅದಕ್ಕೇ ಕಂಪನಿಗಳ ಕರಾರಿನಲ್ಲಿ "ಜಗತ್ತಿನಾದ್ಯಂತ, ಶಾಶ್ವತವಾಗಿ, ಎಲ್ಲ ಮಾಧ್ಯಮಗಳಲ್ಲಿ" ಎಂದು ಇರುವುದು. ಆ ಸಾಲು ಕಂಡರೆ ಗಾಬರಿ ಬೇಡ, ದರ ಬದಲಿಸಿ. ಮೂರು ಪಟ್ಟು ಕೇಳಿ. "ಅಷ್ಟು ಹಕ್ಕು ನಮಗೆ ಬೇಕಾಗಿಲ್ಲ" ಎಂದು ಅವರೇ ಸಾಲು ಹೊಡೆದುಹಾಕುವುದುಂಟು.

ಮುಕ್ತ ಪರವಾನಗಿಯೂ ಒಂದು ಮಾತು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದ ಕಥೆ, ಚಿತ್ರಗಳು ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ ಪರವಾನಗಿಯಲ್ಲಿ ಇರುತ್ತವೆ. ಹೆಸರು ಹಾಕಿದರೆ ಸಾಕು, ಯಾರು ಬೇಕಾದರೂ ವ್ಯಾಪಾರಕ್ಕೂ ಬಳಸಬಹುದು, ಒಮ್ಮೆ ಕೊಟ್ಟದ್ದನ್ನು ಹಿಂದೆ ಪಡೆಯಲಾಗದು. ದೂರದವರಿಗೆ ನಿಮ್ಮ ಕೆಲಸ ಕಾಣಿಸುವ ದಾರಿ ಅದು. ಅಲ್ಲಿನ ದರ ಒಪ್ಪುವಾಗ "ಮುಂದೆ ಇದೇ ಚಿತ್ರದಿಂದ ಬೇರೆ ಆದಾಯ ಇಲ್ಲ" ಎಂದು ಲೆಕ್ಕ ಹಾಕಿಯೇ ಒಪ್ಪಿ.

ಶಾಯಿಕುಡಿಕೆ, ಶಿವಮೊಗ್ಗ

ಮೂಲ ಫೈಲ್ ಮಾತು ಬಿಟ್ಟುಹೋಯಿತು. ಪದರ ಪದರವಾಗಿರುವ ಫೈಲ್ ಕೇಳಿದರೆ ಅದಕ್ಕೆ ಬೇರೆ ದರ. ಕೊಟ್ಟ ಮೇಲೆ ಅವರ ಕಚೇರಿಯ ಡಿಟಿಪಿಯವರೇ ಪಾತ್ರದ ಕೈ ಎತ್ತಿಸಿ, ಬಣ್ಣ ಬದಲಿಸಿ ಹತ್ತು ಪೋಸ್ಟರ್ ಮಾಡಿಕೊಳ್ಳಬಹುದು.

ಪ್ರೆಸ್ ಪಕ್ಕದ ಬೀದಿ, ಬೆಂಗಳೂರು

ಪ್ರಿಂಟು ಮಾಡಿ ಮಾರುವವರಿಗೆ ಕೆಲವು ಅಳತೆ ಹೇಳುತ್ತೇನೆ. ಪ್ರೆಸ್ಸಿನಲ್ಲಿ ಹಾಳಾಗುವ ದುಡ್ಡಿನಲ್ಲಿ ಹೆಚ್ಚು ಪಾಲು ಅಳತೆಯ ತಪ್ಪಿನಿಂದಲೇ.

ಡಿಜಿಟಲ್ ಮಷೀನಿಗೆ ಹೋಗುವ ಹಾಳೆ 12×18 ಇಂಚು ಅಥವಾ 13×19 ಇಂಚು. ದರ ಕೇಳುವಾಗ "ಪೋಸ್ಟ್‌ಕಾರ್ಡ್ ಒಂದಕ್ಕೆ ಎಷ್ಟು" ಎನ್ನಬೇಡಿ, "13×19 ಒಂದು ಶೀಟಿಗೆ ಎಷ್ಟು, ಕಟಿಂಗ್ ಎಷ್ಟು" ಎಂದು ಕೇಳಿ. ಎ6 ಪೋಸ್ಟ್‌ಕಾರ್ಡ್ 105×148 ಮಿ.ಮೀ. ಸುತ್ತ 3 ಮಿ.ಮೀ. ಬ್ಲೀಡ್ (ಆಮೇಲೆ ಕತ್ತರಿಸಿ ತೆಗೆಯುವ ಹೆಚ್ಚುವರಿ ಅಂಚು) ಸೇರಿ 111×154. ಇದು 13×19ರಲ್ಲಿ ಎಂಟು ಕೂರುತ್ತದೆ. 12×18ರ ಅಗಲ 305 ಮಿ.ಮೀ.; ಎರಡು ಕಾರ್ಡ್ ಉದ್ದುದ್ದಕ್ಕೆ ಇಟ್ಟರೆ 308 ಆಗುತ್ತದೆ. ಮೂರು ಮಿ.ಮೀ. ಸಾಲದೆ, ಎಲ್ಲ ಕಾರ್ಡೂ ಒಂದೇ ದಿಕ್ಕಿಗಿಟ್ಟರೆ, ಎಂಟರ ಜಾಗದಲ್ಲಿ ನಾಲ್ಕೇ ಬರುತ್ತದೆ. ಶೀಟಿನ ದರ ಹೆಚ್ಚುಕಡಿಮೆ ಒಂದೇ, ಕಾರ್ಡಿನ ಬೆಲೆ ಎರಡು ಪಟ್ಟು. ಎ5 ಆದರೆ 13×19ರಲ್ಲಿ ನಾಲ್ಕು, ಎ4 ಎರಡು, ಎ3 ಒಂದು.

ಐಪ್ಯಾಡಿನಲ್ಲಿ ಪ್ರೊಕ್ರಿಯೇಟ್ ಬಳಸುವವರು ಕ್ಯಾನ್ವಾಸ್ ಅಳತೆಯನ್ನು ಶುರುವಿನಲ್ಲೇ ಸರಿ ಇಡಿ. ಅದು ಪಿಕ್ಸೆಲ್ ಲೆಕ್ಕದ್ದು, ಆಮೇಲೆ ಹಿಗ್ಗಿಸಿದರೆ ಗೆರೆ ಮಸುಕಾಗುತ್ತದೆ. ಎ3ಗೆ ಬ್ಲೀಡ್ ಸೇರಿ 303×426 ಮಿ.ಮೀ., 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) ಸುಮಾರು 3580×5032 ಪಿಕ್ಸೆಲ್. ಇನ್‌ಸ್ಟಾಗ್ರಾಂಗೆ ಎಂದು 1080 ಪಿಕ್ಸೆಲ್‌ನಲ್ಲಿ ಬರೆದ ಚಿತ್ರವನ್ನು ಎ3 ಪ್ರಿಂಟು ಕೇಳುವವರು ವಾರಕ್ಕೊಬ್ಬರು ಬರುತ್ತಾರೆ, ಆ ಚಿತ್ರ ಪೋಸ್ಟ್‌ಕಾರ್ಡಿಗೂ ಸಾಲದು.

ಪರದೆಯ ಮೇಲಿನ ಮಿಂಚುವ ನೀಲಿ, ಗಿಳಿಹಸಿರು, ನೇರಳೆ ಕಾಗದಕ್ಕೆ ಬಂದಾಗ ಮಂಕಾಗುತ್ತವೆ. ಮಷೀನು ಕೆಟ್ಟಿಲ್ಲ, ನಾಲ್ಕು ಶಾಯಿಯಲ್ಲಿ ಆ ಬಣ್ಣವೇ ಹುಟ್ಟುವುದಿಲ್ಲ. ಶುರುವಿನಲ್ಲೇ ಸಿಎಂವೈಕೆಗೆ, ಅಂದರೆ ಆ ನಾಲ್ಕು ಶಾಯಿಯ ಬಣ್ಣಕ್ಕೆ, ಹೊಂದಿಸಿಕೊಂಡು ಬಣ್ಣ ಆರಿಸಿ. ಸಣ್ಣ ಅಕ್ಷರಗಳಿಗೆ ಕಪ್ಪು ಶಾಯಿ ಒಂದೇ ಇರಲಿ. ನಾಲ್ಕೂ ಶಾಯಿ ಕೂಡಿದ ಕಪ್ಪು ಕೊಟ್ಟರೆ ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ಬಣ್ಣದ ನೆರಳು ಬೀಳುತ್ತದೆ. ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಬೇರೆ ಶಾಯಿ ಸೇರಿಸಿ, ನಾಲ್ಕೂ ಶಾಯಿಯ ಶೇಕಡಾ ಪ್ರಮಾಣ ಕೂಡಿದರೆ 300ರೊಳಗಿರಲಿ. ಹೆಚ್ಚಾದರೆ ಒಣಗದೆ ಮೇಲಿನ ಹಾಳೆಗೆ ಅಂಟುತ್ತದೆ.

ಇನ್ನು ಫೈಲ್ ಕಳಿಸುವುದು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ನೂರು ಪ್ರತಿ ಹೊಡೆಸುವ ಮುಂಚೆ ಒಂದು ಶೀಟ್ ಪ್ರೂಫ್ ತೆಗೆಸಿ ಹೊರಗೆ ಬಿಸಿಲಲ್ಲಿ ನೋಡಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಬೇಡ.

ಕುಂಚಮಿತ್ರ, ತುಮಕೂರು

ಜಲವರ್ಣ ಸ್ಕ್ಯಾನ್ ಮಾಡಿದರೆ ತೆಳು ಬಣ್ಣವೆಲ್ಲ ಬಿಳಿಯಾಗಿ ಹೋಗುತ್ತದಲ್ಲ, ಅದಕ್ಕೇನು?

ಪ್ರೆಸ್ ಪಕ್ಕದ ಬೀದಿ, ಬೆಂಗಳೂರು

ಸ್ಕ್ಯಾನರಿನ ಆಟೊ ತಿದ್ದುಪಡಿ ಆರಿಸಿ. ಅದು ಹಾಳೆಯನ್ನು ಬೆಳ್ಳಗೆ ಮಾಡಲು ಹೋಗಿ ತೆಳು ಬಣ್ಣ ತಿಂದುಹಾಕುತ್ತದೆ. 600 ಡಿಪಿಐಗೆ, ಟಿಫ್ (ಗುಣ ಕುಗ್ಗದ ಫೈಲ್ ಬಗೆ) ಆಗಿ ತೆಗೆಯಿರಿ. ಆಮೇಲೆ ಕೈಯಿಂದ ಸರಿಮಾಡಿ, ಮೂಲ ಚಿತ್ರ ಪಕ್ಕದಲ್ಲಿಟ್ಟುಕೊಂಡು. ಒರಟು ಹಾಳೆಯಾದರೆ ಸ್ಕ್ಯಾನರಿನ ಒಂದೇ ಕಡೆಯ ಬೆಳಕಿಗೆ ಹಾಳೆಯ ಉಬ್ಬುತಗ್ಗು ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಅಂಥದ್ದನ್ನು ಎರಡು ಬದಿಯಿಂದ 45 ಡಿಗ್ರಿಗೆ ಎರಡು ದೀಪ ಇಟ್ಟು ಕ್ಯಾಮೆರಾದಲ್ಲಿ ತೆಗೆಯುವುದೇ ವಾಸಿ.

ಸಂತೆಮೂಲೆ, ಬೆಂಗಳೂರು

ಸ್ಟಾಲ್ ಹಾಕುವ ಮುಂಚೆ ಈ ಲೆಕ್ಕ ಮಾಡಿ. ಉದಾಹರಣೆಗೆ 13×19 ಶೀಟ್ ಪ್ರಿಂಟು 40 ರೂಪಾಯಿ ಅಂದುಕೊಳ್ಳೋಣ. ಎ5 ಒಂದಕ್ಕೆ 10. ಪಾರದರ್ಶಕ ಕವರ್, ಹಿಂದಿನ ರಟ್ಟು 7. ಒಟ್ಟು 17. 100ಕ್ಕೆ ಮಾರಿದರೆ 83 ಉಳಿತು. "ಐದು ಪಟ್ಟು ಲಾಭ!" ಎಂದು ಖುಷಿಯಾಗುತ್ತದೆ.

ಈಗ ಎರಡು ದಿನದ ಸ್ಟಾಲ್ ಬಾಡಿಗೆ 3,500, ಓಡಾಟ 800, ಊಟ 300. ಒಟ್ಟು 4,600. ಇದಷ್ಟೇ ಹುಟ್ಟಲು 56 ಪ್ರಿಂಟು ಹೋಗಬೇಕು. ಲೆಕ್ಕದಪುಸ್ತಕದವರ ಪ್ರಕಾರ ನಿಮ್ಮ ಎರಡು ದಿನದ 14 ಗಂಟೆಗೆ 7,000 ಸೇರಿಸಿ. 11,600. ಈಗ 140 ಪ್ರಿಂಟು. ದಿನಕ್ಕೆ 70. ಏಳು ಗಂಟೆಯಲ್ಲಿ ಆರು ನಿಮಿಷಕ್ಕೊಂದು ಹೋಗಬೇಕು, ಹೋಗುವುದಿಲ್ಲ.

ಅದೇ ಚಿತ್ರ ಎ3ಯಲ್ಲಿ: ಪ್ರಿಂಟು 40, ಪ್ಯಾಕಿಂಗ್ 25, ಮಾರಾಟ 500, ಉಳಿಕೆ 435. ಅದೇ 11,600ಕ್ಕೆ 27 ಮಾರಿದರೆ ಸಾಕು. ಹಾಗಾಗಿ ಕಣ್ಣಿನ ಮಟ್ಟದಲ್ಲಿ ಎ3 ತೂಗುಹಾಕಿ, ಮೇಜಿನ ಮೇಲೆ ಸಣ್ಣವು. ಎ5 ಮತ್ತು ಸ್ಟಿಕರ್ ಇರುವುದು ಜನರನ್ನು ನಿಲ್ಲಿಸಲಿಕ್ಕೆ. "ಒಂದು 100, ಮೂರು 250" ಎಂದು ಬರೆದರೆ ಒಂದಕ್ಕೆ ಬಂದವರು ಮೂರು ಒಯ್ಯುತ್ತಾರೆ. ಬೆಲೆ ಕಾಣುವ ಹಾಗೆ ಬರೆಯಿರಿ. ಕೇಳಲು ನಾಚಿ ಮುಂದೆ ಹೋಗುವವರೇ ಹೆಚ್ಚು.

ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯ ಗಿರಾಕಿಯೇ ಬೇರೆ. ಅಲ್ಲಿಗೆ ಜನ ಮೂಲಚಿತ್ರ ಕೊಳ್ಳಲಿಕ್ಕೆ ಬರುತ್ತಾರೆ, ಒಂದೇ ದಿನ, ರಸ್ತೆ ಪೂರ್ತಿ ಜನ. ಚೌಕಟ್ಟಿಲ್ಲದ, ಸುತ್ತಿ ಬಸ್ಸಿನಲ್ಲಿ ಒಯ್ಯಬಹುದಾದ ಸಣ್ಣ ಮೂಲಚಿತ್ರಗಳು ಹೆಚ್ಚಿರಲಿ. ನೆರಳಿಗೆ, ಚಿತ್ರ ಆನಿಸುವ ಸ್ಟ್ಯಾಂಡಿಗೆ ನೀವೇ ಏರ್ಪಾಡು ಮಾಡಿಕೊಳ್ಳಿ. ಅರ್ಜಿ ಕರೆಯುವುದು ತಿಂಗಳುಗಳ ಮುಂಚೆಯೇ.

ಕಡಲತಡಿ, ಮಂಗಳೂರು

ಪ್ಯಾಕಿಂಗ್ ಬಗ್ಗೆ ಒಂದೆರಡು. ಕೊಳವೆಯಲ್ಲಿ ಸುತ್ತಿ ಕಳಿಸುವುದು ಎ3ಗಿಂತ ದೊಡ್ಡದಕ್ಕೆ ಮಾತ್ರ. 300 ಜಿಎಸ್‌ಎಂನ ದಪ್ಪ ಹಾಳೆ ಸುತ್ತಿದರೆ ಮತ್ತೆ ಚಪ್ಪಟೆಯಾಗುವುದಿಲ್ಲ, ಮೇಲಿನ ಶಾಯಿ ಬಿರಿಯುವುದೂ ಉಂಟು. ಎ4, ಎ3ಗೆ ಎರಡು ರಟ್ಟಿನ ನಡುವೆ ಇಡಿ, ಒಂದು ರಟ್ಟಿನ ಏಣು (ಒಳಗಿನ ಅಲೆಗೆರೆ) ಅಡ್ಡಕ್ಕೆ, ಇನ್ನೊಂದರದ್ದು ಉದ್ದಕ್ಕೆ. ಎರಡೂ ಒಂದೇ ದಿಕ್ಕಿಗಿದ್ದರೆ ಆ ಗೆರೆಗುಂಟ ಮಡಚಿಬಿಡುತ್ತದೆ. ರಟ್ಟು ಪ್ರಿಂಟಿಗಿಂತ ಸುತ್ತ ಒಂದು ಸೆಂ.ಮೀ. ದೊಡ್ಡದಿರಲಿ, ಮೂಲೆ ಜಜ್ಜಿದರೆ ರಟ್ಟಿನದ್ದು ಜಜ್ಜುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಸ್ಟಾಕ್ ಇಡುವುದೇ ದೊಡ್ಡ ತಲೆನೋವು. ಹಾಳೆ ಬಾಗುತ್ತದೆ, ರಟ್ಟಿಗೆ ಬೂಸಲು ಬರುತ್ತದೆ. ಮುಚ್ಚಳ ಬಿಗಿಯಾದ ಡಬ್ಬ, ಒಳಗೆ ಸಿಲಿಕಾ ಜೆಲ್, ಗೋಡೆಗೆ ತಾಗದ ಹಾಗೆ ಇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ 50ಕ್ಕಿಂತ ಹೆಚ್ಚು ಒಟ್ಟಿಗೆ ಹೊಡೆಸಬೇಡಿ.

ಸ್ಟಿಕರ್ ಮಾಡುವವರಿಗೆ: ಕಾಗದದ್ದು ನೀರಿನ ಬಾಟಲಿಗೆ ಅಂಟಿಸಿದ ವಾರದಲ್ಲೇ ಏಳುತ್ತದೆ. ವಿನೈಲ್ ಮತ್ತು ಮೇಲೆ ಲ್ಯಾಮಿನೇಷನ್ ಬೇಕು. ಚಿತ್ರದ ಸುತ್ತ 2 ಮಿ.ಮೀ. ಬಿಳಿ ಅಂಚು ಬಿಡಿ, ಕತ್ತರಿಸುವ ಮಷೀನು ಸ್ವಲ್ಪ ಸರಿದರೂ ಗೊತ್ತಾಗುವುದಿಲ್ಲ.

ಗೆರೆಬರೆ, ಮೈಸೂರು

ಹಾಗಾದರೆ ಮದುವೆ ಆಮಂತ್ರಣವೇ ವಾಸಿ ಅನಿಸುತ್ತಿದೆ. ಹಣ ಕೂಡಲೇ ಬರುತ್ತದೆ.

ಅಕ್ಷತೆ, ಹಾಸನ

ಬರುತ್ತದೆ, ಆದರೆ ವರ್ಷಪೂರ್ತಿ ಬರುವುದಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸ ಮೂರರಲ್ಲೂ ಮದುವೆ ಇಲ್ಲ. ಆರ್ಡರ್ ಬರುವುದು ಮುಹೂರ್ತಕ್ಕೆ ಎರಡು ತಿಂಗಳ ಮುಂಚೆ, ಆದ್ದರಿಂದ ನಿಮ್ಮ ಖಾಲಿ ದಿನಗಳು ಪಂಚಾಂಗಕ್ಕಿಂತ ಎರಡು ತಿಂಗಳು ಮುಂಚೆಯೇ ಬರುತ್ತವೆ. ಆ ಬಿಡುವಿಗೆ ಪುಸ್ತಕದ ಕೆಲಸ ಹೊಂದಿಸಿಕೊಳ್ಳಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ಒಕ್ಕಣೆ, ಆಮೇಲೆ ಚಿತ್ರ. ಒಕ್ಕಣೆ ಅಂತಿಮವಾಗದೆ ಪೆನ್ಸಿಲ್ ಮುಟ್ಟಬೇಡಿ. "ಸುಖಾಗಮನ ಬಯಸುವವರು" ಕೆಳಗಿನ ಪಟ್ಟಿ ಕೊನೆಯ ದಿನದವರೆಗೂ ಬೆಳೆಯುತ್ತದೆ, ಸೋದರಮಾವನ ಹೆಸರು ಬಿಟ್ಟುಹೋದರೆ ಮದುವೆಮನೆಯ ಜಗಳಕ್ಕೆ ನೀವೂ ಸಾಕ್ಷಿ. ಹೆಸರು, ಇನಿಷಿಯಲ್, ದಿನ, ಲಗ್ನ, ಛತ್ರದ ವಿಳಾಸ ಎಲ್ಲ ಅವರಿಂದಲೇ ಟೈಪ್ ಮಾಡಿಸಿಕೊಂಡು, ಇಬ್ಬರು ಹಿರಿಯರಿಂದ "ಸರಿಯಿದೆ" ಎಂದು ಬರೆಸಿಕೊಳ್ಳಿ. ತಾರೀಖಿಗೂ ವಾರಕ್ಕೂ ತಾಳೆ ಆಗುತ್ತದಾ ಎಂದು ನೀವೇ ಒಮ್ಮೆ ನೋಡಿ.

ಹುಡುಗ ಹುಡುಗಿಯ ವ್ಯಂಗ್ಯಭಾವಚಿತ್ರವಾದರೆ ಮುಖದ ಮೂರು ಫೋಟೊ ಕೇಳಿ: ನೇರ, ಅರೆ ಓರೆ, ನಗುವಾಗ. ಫಿಲ್ಟರ್ ಹಾಕಿದ ಫೋಟೊ ಬೇಡ. ಬಟ್ಟೆಯ ಬಣ್ಣ, ಪೇಟವೋ ಬಾಸಿಂಗವೋ, ಮೂಗುತಿ ಎಡಕ್ಕೋ ಬಲಕ್ಕೋ ಎಂದು ಮೊದಲೇ ಕೇಳಿ. ಸೆಲ್ಫಿ ಕೆಲವು ಫೋನಿನಲ್ಲಿ ಕನ್ನಡಿಯಂತೆ ತಿರುಗಿರುತ್ತದೆ, ಬೈತಲೆ ಮತ್ತು ಮೂಗುತಿ ತಪ್ಪುವುದು ಅಲ್ಲೇ.

ದರ ಹೇಳುವಾಗ ಚಿತ್ರಕ್ಕೆ ಒಂದು, ಮುದ್ರಣಕ್ಕೆ ಬೇರೆ. ಚಿಕ್ಕಪೇಟೆ, ಸುಲ್ತಾನ್‌ಪೇಟೆಯ ಸಿದ್ಧ ಕಾರ್ಡಿನ ಬೆಲೆ ಜೊತೆ ನಿಮ್ಮನ್ನು ಹೋಲಿಸುತ್ತಾರೆ. ಆ ಹಗ್ಗಜಗ್ಗಾಟಕ್ಕೆ ಇಳಿಯಬೇಡಿ. ಡಿಜಿಟಲ್ ಫೈಲ್ ಮಾತ್ರ ಕೊಡುತ್ತೇನೆ, ಮುದ್ರಣ ನೀವೇ ಮಾಡಿಸಿ ಎಂದರೆ ತಲೆನೋವು ಅರ್ಧ ಕಡಿಮೆ. ಅದೇ ಚಿತ್ರವನ್ನು ವಾಟ್ಸಾಪ್ ಆಮಂತ್ರಣಕ್ಕೆ ಉದ್ದನೆಯ ಅಳತೆಗೆ ಹೊಂದಿಸುವುದು, ಛತ್ರದ ಬಾಗಿಲ ಬೋರ್ಡು, ತಾಂಬೂಲದ ಚೀಲದ ಮುದ್ರೆ ಇವನ್ನು ಒಟ್ಟಿಗೆ ಕಟ್ಟಿ ಮಾರಿ. ಮುಖ ಒಮ್ಮೆ ಬರೆದಾಯಿತು, ಉಳಿದದ್ದಕ್ಕೆ ಒಂದೆರಡು ಗಂಟೆ.

ಅಡ್ವಾನ್ಸ್ ಅರ್ಧ. ಉಳಿದರ್ಧ ಬರುವವರೆಗೆ ಅಡ್ಡಲಾಗಿ ಹೆಸರು ಬರೆದ, ಸಣ್ಣ ಅಳತೆಯ ಫೈಲ್ ಮಾತ್ರ. ಮದುವೆ ಮುಗಿದ ಮೇಲೆ ಬಾಕಿ ಕೇಳಲು ಹೋದರೆ ಹೊಸ ದಂಪತಿ ಊರಲ್ಲಿರುವುದಿಲ್ಲ, ಹಿರಿಯರಿಗೆ ವಿಷಯವೇ ಗೊತ್ತಿರುವುದಿಲ್ಲ.

ಶಾಯಿಕುಡಿಕೆ, ಶಿವಮೊಗ್ಗ

ಆರತಕ್ಷತೆಯಲ್ಲಿ ಕೂತು ಅತಿಥಿಗಳ ಮುಖ ಬರೆಯುವ ಕೆಲಸವೂ ಇದೆ. ಅದಕ್ಕೆ ತಲೆಲೆಕ್ಕ ಬೇಡ, ಗಂಟೆಲೆಕ್ಕ. ಒಬ್ಬರಿಗೆ ಐದು ನಿಮಿಷ, ಕೂರಿಸಿ ಏಳಿಸುವುದು ಸೇರಿ ಗಂಟೆಗೆ ಹತ್ತು ಮುಖಕ್ಕಿಂತ ಹೆಚ್ಚಿಗೆ ಮಾತು ಕೊಡಬೇಡಿ. ಸಾಲು ಉದ್ದವಾದಾಗ ಚೀಟಿ ಹಂಚಲು ಒಬ್ಬರು ಜೊತೆಗಿರಬೇಕು.

ಲೆಕ್ಕದಪುಸ್ತಕ, ಬೆಂಗಳೂರು

ಕಾಗದಪತ್ರದ ಬಗ್ಗೆ ಯಾರೂ ಎತ್ತಲಿಲ್ಲ, ನಾನೇ ಹೇಳಿಬಿಡುತ್ತೇನೆ.

ಚಿತ್ರ ಬರೆದುಕೊಡುವುದು ಸೇವೆ. ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಗಿರಾಕಿ ಬೇರೆ ರಾಜ್ಯದವರಾದರೂ. ಪ್ರಿಂಟು, ಸ್ಟಿಕರ್ ಮಾರುವುದು ಸರಕು, ಅದರ ಕಥೆ ಬೇರೆ. ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರಿಗೆ ಮಿತಿ ದೊಡ್ಡದು, ಆದರೆ ಪುಣೆಗೋ ಹೈದರಾಬಾದಿಗೋ ಸರಕು ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಕರಕುಶಲ ವಸ್ತು ಎಂದು ಅಧಿಸೂಚಿತವಾದವಕ್ಕೆ ವಿನಾಯಿತಿ ಇದೆ. ಮಷೀನಿನಲ್ಲಿ ಹೊಡೆದ ಪ್ರಿಂಟು ಅದರಲ್ಲಿ ಬರುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಊರೂರಿಗೆ ಕೊರಿಯರ್ ಮಾಡುವ ಅರ್ಧ ಜನಕ್ಕೆ ಇದು ತಿಳಿದೇ ಇಲ್ಲ.

ಕಂಪನಿಗಳು ವರ್ಷಕ್ಕೆ 50,000 ದಾಟಿದ ವೃತ್ತಿಪರ ಶುಲ್ಕಕ್ಕೆ ನೂರಕ್ಕೆ 10 ಪಾಲು ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕೊಡುತ್ತವೆ. ಆ ದುಡ್ಡು ಎಲ್ಲೂ ಹೋಗಿಲ್ಲ. ನಿಮ್ಮ ಪಾನ್ ಹೆಸರಿನಲ್ಲಿ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ, ರಿಟರ್ನ್ ಹಾಕಿದರೆ ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ.

ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಮಾಡಿಸಿ. ಪುಕ್ಕಟೆ, ಸರ್ಕಾರದ ತಾಣದಲ್ಲಿ ಆಧಾರ್, ಪಾನ್ ಇದ್ದರೆ ಹದಿನೈದು ನಿಮಿಷದ ಕೆಲಸ. ದುಡ್ಡು ಕೇಳುವ ತಾಣಗಳೆಲ್ಲ ದಲ್ಲಾಳಿಗಳದ್ದು. ಇದರ ಉಪಯೋಗ ಬಾಕಿ ವಸೂಲಿಗೆ. 2006ರ ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೆ ಪ್ರಕಾರ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಹಾಕಿ. ಕಂಪನಿಯ ಲೆಕ್ಕವಿಭಾಗಕ್ಕೆ ಅದರ ಅರ್ಥ ಚೆನ್ನಾಗಿ ಗೊತ್ತು, ಏಕೆಂದರೆ ಗಡುವು ಮೀರಿದ ಬಾಕಿಯನ್ನು ಆ ವರ್ಷದ ಖರ್ಚಾಗಿ ತೋರಿಸಲು ಅವರಿಗೆ ಬರುವುದಿಲ್ಲ.

ದೂರದೇಶ, ಹುಬ್ಬಳ್ಳಿ

ಹೊರದೇಶದ ಗಿರಾಕಿಗಳ ಬಗ್ಗೆ ಚುಟುಕಾಗಿ. ಪೇಪಾಲ್ ಭಾರತದೊಳಗಿನ ಪಾವತಿಯನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ, ಹೊರಗಿನಿಂದ ಬರುವುದಕ್ಕೆ ನಡೆಯುತ್ತದೆ. ಪ್ರತಿ ಪಾವತಿಗೂ ವಿದೇಶಿ ಹಣ ಬಂದ ಪ್ರಮಾಣಪತ್ರ ಇಳಿಸಿಟ್ಟುಕೊಳ್ಳಿ. ಜಿಎಸ್‌ಟಿ ನೋಂದಣಿ ಇದ್ದರೆ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿ, ತೆರಿಗೆ ಕಟ್ಟದೆಯೇ ಸೇವೆ ರಫ್ತು ಮಾಡಬಹುದು. ಎಟ್ಸಿ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಒಂದು ವಸ್ತು ಪಟ್ಟಿಗೆ ಹಾಕಲು 0.20 ಡಾಲರ್, ನಾಲ್ಕು ತಿಂಗಳಿಗೆ. ಮಾರಿದಾಗ ನೂರಕ್ಕೆ 6.5 ಪಾಲು, ಅಂಚೆವೆಚ್ಚದ ಮೇಲೂ. ಪಾವತಿ ಶುಲ್ಕ ಬೇರೆ. ವಸ್ತು ಕಳಿಸುವುದಾದರೆ ರಫ್ತು ಸಂಕೇತ ಸಂಖ್ಯೆ ಬೇಕು, ಅಂಚೆವೆಚ್ಚ ಪ್ರಿಂಟಿನ ಬೆಲೆಯನ್ನೇ ನುಂಗುತ್ತದೆ. ಶುರುವಿಗೆ ಫೈಲ್ ಮಾರುವುದೇ ಸರಿ. ಅಡೋಬಿ ಸ್ಟಾಕ್‌ನಂಥ ಚಿತ್ರ ಮಾರುವ ತಾಣಗಳಲ್ಲಿ ಚಿತ್ರಕ್ಕೆ ನೂರಕ್ಕೆ 33 ಪಾಲು ಕೊಡುತ್ತಾರೆ, ಆದರೆ ನೂರಾರು ಚಿತ್ರ ಹಾಕದೆ ಕಾಫಿ ಖರ್ಚೂ ಹುಟ್ಟದು.

ಕುಂಚಮಿತ್ರ, ತುಮಕೂರು

ನವೆಂಬರಿನಲ್ಲಿ ಕನ್ನಡದ ಸಾಲು ಹಾಕಿದ ಪೋಸ್ಟರ್, ಟೀಶರ್ಟು ಚೆನ್ನಾಗಿ ಹೋಗುತ್ತವೆ. ಕಗ್ಗದ ಪದ್ಯ, ಕುವೆಂಪು ಸಾಲು ಹಾಕಬಹುದಾ?

ಕರಾರುಪತ್ರ, ಬೆಂಗಳೂರು

ಅನುಮತಿ ಇಲ್ಲದೆ ಮಾರುವಂತಿಲ್ಲ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಡಿ.ವಿ.ಜಿ. 1975ರಲ್ಲಿ ತೀರಿಕೊಂಡರು, ಆದ್ದರಿಂದ 2035ರ ಕೊನೆಯವರೆಗೆ. ಬೇಂದ್ರೆ 1981, ಅವರದು 2041ರವರೆಗೆ. ಕುವೆಂಪು 1994, ಅವರದು 2054ರವರೆಗೆ. ವಚನ, ದಾಸರ ಪದ, ಸರ್ವಜ್ಞನ ತ್ರಿಪದಿ, ಗಾದೆ, ಒಗಟು ಇವಕ್ಕೆ ಯಾರ ಅಪ್ಪಣೆಯೂ ಬೇಡ. ಅಷ್ಟು ದೊಡ್ಡ ಕಣಜ ತೆರೆದಿರುವಾಗ ಬೀಗ ಹಾಕಿದ್ದಕ್ಕೇ ಯಾಕೆ ಕೈ ಹಾಕಬೇಕು! ಸಿನಿಮಾ ಸಂಭಾಷಣೆ, ನಟರ ಮುಖ ಹಾಕಿದ ಟೀಶರ್ಟು ಮಾರುವುದಂತೂ ಬೇಡವೇ ಬೇಡ.

ಪ್ರೆಸ್ ಪಕ್ಕದ ಬೀದಿ, ಬೆಂಗಳೂರು

ಕನ್ನಡ ಅಕ್ಷರ ಹಾಕುವವರಿಗೆ ಒಂದು ಎಚ್ಚರಿಕೆ. ಫೋಟೊಶಾಪ್, ಇಲ್ಲಸ್ಟ್ರೇಟರ್‌ನಲ್ಲಿ ಸುಮ್ಮನೆ ಟೈಪ್ ಮಾಡಿದರೆ ಒತ್ತಕ್ಷರ ಬಿಡಿಬಿಡಿಯಾಗಿ, ಅರ್ಧಾಕ್ಷರದ ಪಕ್ಕ ಮತ್ತೊಂದು ಅಕ್ಷರ ನಿಲ್ಲುವುದುಂಟು. ಇಲ್ಲಸ್ಟ್ರೇಟರ್‌ನ ಟೈಪ್ ಸೆಟ್ಟಿಂಗಿನಲ್ಲಿ ಇಂಡಿಕ್ ಆಯ್ಕೆ ತೆರೆದು, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸಿ. ಫೋಟೊಶಾಪ್, ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಎಂಬುದನ್ನು ಹುಡುಕಿ. ಗಿರಾಕಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕಳಿಸಿದರೆ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ. ಅಲ್ಲೇ ಹೆಚ್ಚು ತಪ್ಪು ನುಸುಳುವುದು. ನೋಟೊ, ಬಾಲೂ ತಮ್ಮ ಇವು ಮುಕ್ತ ಪರವಾನಗಿಯ ಫಾಂಟುಗಳು, ವ್ಯಾಪಾರಕ್ಕೂ ಬಳಸಬಹುದು. ಪ್ರೆಸ್ಸಿಗೆ ಕೊಡುವ ಮುಂಚೆ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿ (ಅಕ್ಷರವನ್ನು ಬರೀ ಆಕಾರವಾಗಿ ಬದಲಿಸಿ), ತಿದ್ದಬಹುದಾದ ಪ್ರತಿ ನಿಮ್ಮ ಬಳಿ ಬೇರೆ ಇರಲಿ.

ಕ್ಯಾಲೆಂಡರ್ ಮಾಡುವುದಾದರೆ ವೈರೋ (ತಂತಿಯ ಬೈಂಡಿಂಗ್) ಕಡೆ 15 ಮಿ.ಮೀ. ಖಾಲಿ ಬಿಡಿ, ಇಲ್ಲದಿದ್ದರೆ ತೂತು ಬೀಳುವುದು ಮುಖದ ಮೇಲೆಯೇ. ಚಿತ್ರ ಸೆಪ್ಟೆಂಬರಿಗೆ ಮುಗಿಯಲಿ. ಕಂಪನಿಗಳು ದೀಪಾವಳಿ ಹೊತ್ತಿಗೆ ಆರ್ಡರ್ ಕೊಡುತ್ತವೆ, ಜನವರಿ ಎರಡನೇ ವಾರ ದಾಟಿದ ಕ್ಯಾಲೆಂಡರ್ ರದ್ದಿ.

ಗೆರೆಬರೆ, ಮೈಸೂರು

ಬಹಳ ಉಪಕಾರ. ಹಾಗಾದರೆ ಹೀಗೆ ಮಾಡುತ್ತೇನೆ: ತಿಂಗಳ 90 ಗಂಟೆಯಲ್ಲಿ 50 ಆಮಂತ್ರಣಕ್ಕೆ, 30 ಒಂದು ಪುಸ್ತಕಕ್ಕೆ, 10 ನನ್ನದೇ ಹಕ್ಕಿನ ಒಗಟಿನ ಚಿತ್ರಮಾಲೆಗೆ. ಪ್ರಿಂಟು ಎ3 ಮಾತ್ರ, ವರ್ಷಕ್ಕೆ ಎರಡೇ ಸ್ಟಾಲ್. ಸರಿಯಾ?

ಲೆಕ್ಕದಪುಸ್ತಕ, ಬೆಂಗಳೂರು

ಪುಸ್ತಕದ 145 ಗಂಟೆಗೆ ತಿಂಗಳಿಗೆ 30ರಂತೆ ಸುಮಾರು ಐದು ತಿಂಗಳು ಬೇಕು. ಪ್ರಕಾಶಕರಿಗೆ ಆರು ತಿಂಗಳು ಎಂದು ಹೇಳಿ. 35,000ಕ್ಕೆ ಒಪ್ಪಿಕೊಂಡರೆ ಆ 30 ಗಂಟೆಗೆ ಸಿಗುವುದು ತಿಂಗಳಿಗೆ 7,000 ಚಿಲ್ಲರೆ. ಒಗಟಿನ 10 ಗಂಟೆಗೆ ಮೊದಲ ವರ್ಷ ಸೊನ್ನೆ ಎಂದೇ ಹಿಡಿಯಿರಿ. ಹಾಗಾಗಿ ತಿಂಗಳ 45,000 ತುಂಬಲು ಆಮಂತ್ರಣದ 50 ಗಂಟೆ 38,000 ತರಬೇಕು, ಅಂದರೆ ಅಲ್ಲಿ ನಿಮ್ಮ ನೆಲಗಟ್ಟು 500 ಅಲ್ಲ, 760.

ಅಕ್ಷತೆ, ಹಾಸನ

ಅದೂ ಮದುವೆ ಇರುವ ತಿಂಗಳಲ್ಲಿ. ಹೆಚ್ಚುಕಡಿಮೆ ಮೂರು ಖಾಲಿ ತಿಂಗಳ ಪಾಲನ್ನೂ ಉಳಿದ ಒಂಬತ್ತರ ಮೇಲೆ ಹಂಚಿದರೆ 1,010ರ ಹತ್ತಿರ ಬರುತ್ತದೆ. 1,000 ಅಂತಲೇ ಇಟ್ಟುಕೊಳ್ಳಿ ಮೇಡಂ.